ರೊಟೊಕಾಸ್ ನಿಘಂಟಿನ ಉಚಿತ ಕಡತ: ಏನು ಸಿಗುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಭಾಷಾ ಸಂಸ್ಕರಣೆ ಕಲಿತವರಿಗೆ ಎನ್‌ಎಲ್‌ಟಿಕೆ ಎಂಬ ಉಚಿತ ತಂತ್ರಾಂಶ ಸಂಗ್ರಹ ಹೊಸದೇನಲ್ಲ. ಅದರ ಜೊತೆ ಇಳಿಸಿಕೊಳ್ಳಬಹುದಾದ ದತ್ತಾಂಶಗಳಲ್ಲಿ ಟೂಲ್‌ಬಾಕ್ಸ್ ಎಂಬ ಪುಟ್ಟ ಪ್ಯಾಕೇಜ್ ಇದೆ. ರೊಟೊಕಾಸ್ ಎಂಬ ಸಣ್ಣ ಪಾಪುವನ್ ಭಾಷೆಯ ನಿಘಂಟಿನ ಕಡತ ಇರುವುದು ಅದರೊಳಗೆ. ಕೊಟ್ಟವರು ಆ ಭಾಷೆಯ ಮೇಲೆ ಕ್ಷೇತ್ರಕಾರ್ಯ ಮಾಡಿದ ಸ್ಟುವರ್ಟ್ ರಾಬಿನ್ಸನ್. ಬೆಲೆಯಿಲ್ಲ, ನೋಂದಣಿಯಿಲ್ಲ. ಒಂದು ಪಾಪುವನ್ ಭಾಷೆಯ ಧ್ವನಿ ಮತ್ತು ವ್ಯಾಕರಣದ ಒಳಗೆ ಕಾಲಿಡಲು ಇಷ್ಟು ಹತ್ತಿರದಲ್ಲಿ, ಇಷ್ಟು ಸುಲಭವಾಗಿ ಸಿಗುವ ಸಾಮಗ್ರಿ ಇನ್ನೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಆದರೆ ಅದನ್ನು ಬಳಸುವವರಲ್ಲಿ ಹೆಚ್ಚಿನವರು ಒಂದು ಕೋಷ್ಟಕ ತೆಗೆದು, ಅದರಿಂದ ಹೊರಡಬಾರದ ತೀರ್ಮಾನ ಹೊರಡಿಸಿ ನಿಲ್ಲಿಸುತ್ತಾರೆ. ಕಡತದ ನಿಜವಾದ ಬೆಲೆ ಇರುವುದು ಉದಾಹರಣೆ ವಾಕ್ಯಗಳಲ್ಲಿ. ಅವನ್ನು ತೆರೆದು ನೋಡುವವರು ಕಡಿಮೆ.

ಭಾಷೆಯ ಪರಿಚಯ ಚಿಕ್ಕದಾಗಿ. ಪಾಪುವ ನ್ಯೂಗಿನಿಗೆ ಸೇರಿದ ಬೂಗನ್‌ವಿಲ್ ದ್ವೀಪದ ನಡುಭಾಗದ ಗುಡ್ಡಗಾಡಿನ ನುಡಿ ಇದು. 1981ರ ಎಣಿಕೆಯಂತೆ ಆಡುವವರು ಸುಮಾರು 4,300 ಮಂದಿ. ಪಾಪುವನ್ ಎಂಬುದು ದ್ರಾವಿಡ ಎನ್ನುವಂತೆ ಒಂದು ಕುಟುಂಬದ ಹೆಸರಲ್ಲ. ಆ ಪ್ರದೇಶದಲ್ಲಿ ಆಸ್ಟ್ರೋನೇಷ್ಯನ್‌ಗೆ ಸೇರದ ಹತ್ತಾರು ಕುಟುಂಬಗಳನ್ನು ಒಟ್ಟಿಗೆ ಹಾಗೆ ಕರೆಯುತ್ತಾರೆ. ರೊಟೊಕಾಸ್ ಅದರಲ್ಲಿ ಉತ್ತರ ಬೂಗನ್‌ವಿಲ್ ಎಂಬ ಪುಟ್ಟ ಕುಟುಂಬದ್ದು. ಆದ್ದರಿಂದ ಇಲ್ಲಿ ಕಲಿತದ್ದನ್ನು 'ಪಾಪುವನ್ ಭಾಷೆಗಳೆಲ್ಲ ಹೀಗೆ' ಎಂದು ಬೇರೆಡೆಗೆ ಸಾಗಿಸಬಾರದು.

ಹಾಕಿಕೊಳ್ಳುವ ಕೆಲಸ ಐದು ನಿಮಿಷದ್ದು. ಪೈಥಾನ್ ತಂತ್ರಾಂಶಗಳನ್ನು ತರಿಸುವ ಪಿಪ್ ಎಂಬ ಸಾಧನದ ಮೂಲಕ ಎನ್‌ಎಲ್‌ಟಿಕೆ ಹಾಕಿದ ಮಾತ್ರಕ್ಕೆ ನಿಘಂಟು ಬರುವುದಿಲ್ಲ. ಎನ್‌ಎಲ್‌ಟಿಕೆಯ ಡೌನ್‌ಲೋಡ್ ಆದೇಶಕ್ಕೆ ಟೂಲ್‌ಬಾಕ್ಸ್ ಎಂಬ ಹೆಸರು ಕೊಟ್ಟು ಅದನ್ನು ಬೇರೆಯಾಗಿ ತರಿಸಿಕೊಳ್ಳಬೇಕು. ಇದನ್ನು ಬಿಟ್ಟವರಿಗೆ ಲುಕಪ್ ಎರರ್ ಎಂಬ ದೋಷಸಂದೇಶ ಎದುರಾಗುತ್ತದೆ. ಆಮೇಲೆ ಕಡತವನ್ನು ಮೂರು ಬಗೆಯಲ್ಲಿ ಓದಬಹುದು. ವರ್ಡ್ಸ್ ಎಂಬ ಕ್ರಿಯೆ ತಲೆಪದಗಳ ಪಟ್ಟಿಯನ್ನಷ್ಟೇ ಕೊಡುತ್ತದೆ. ಎಂಟ್ರೀಸ್ ಪ್ರತಿ ನಮೂದನ್ನು ಕ್ಷೇತ್ರಗಳ ಜೋಡಿಗಳಾಗಿ ಬಿಡಿಸಿಡುತ್ತದೆ. ಎಕ್ಸ್‌ಎಂಎಲ್ ಇಡೀ ನಿಘಂಟನ್ನು ಮರದ ರೂಪದಲ್ಲಿ ಕೊಡುತ್ತದೆ. ಮೂರನೆಯದರಲ್ಲಿ ಸೊನ್ನೆಯ ಸ್ಥಾನದಲ್ಲಿರುವುದು ಪದವಲ್ಲ, ಕಡತದ ತಲೆಬರಹ. ಅದನ್ನು ಬಿಟ್ಟು ಒಂದರಿಂದ ಎಣಿಸಬೇಕು.

ಕಡತದ ರೂಪ ಸಣ್ಣ ಭಾಷೆಗಳ ಮೇಲೆ ಕೆಲಸ ಮಾಡುವ ಎಸ್‌ಐಎಲ್ ಸಂಸ್ಥೆಯ ಟೂಲ್‌ಬಾಕ್ಸ್ ತಂತ್ರಾಂಶದ್ದು. ಪ್ರತಿ ಸಾಲಿನ ಮೊದಲಿಗೆ ಹಿಂದಕ್ಕೆ ವಾಲಿದ ಗೆರೆ, ಆಮೇಲೆ ಎರಡು ಮೂರು ಅಕ್ಷರದ ಸಂಕೇತ, ಆಮೇಲೆ ವಿಷಯ. ಎಲ್‌ಎಕ್ಸ್ ಎಂದರೆ ತಲೆಪದ, ಆರ್‌ಟಿ ಎಂದರೆ ಮೂಲರೂಪ, ಪಿಎಸ್ ಎಂದರೆ ಪದವರ್ಗ, ಪಿಟಿ ಎಂದರೆ ಆ ವರ್ಗದೊಳಗಿನ ಬಗೆ. ಜಿಇ ಇಂಗ್ಲಿಷ್ ಅರ್ಥ, ಟಿಕೆಪಿ ಟೋಕ್ ಪಿಸಿನ್ (ಪಾಪುವ ನ್ಯೂಗಿನಿಯ ಸಂಪರ್ಕ ಭಾಷೆ) ಅರ್ಥ. ಇಎಕ್ಸ್ ಉದಾಹರಣೆ ವಾಕ್ಯ. ಅದಕ್ಕೆ ಎಕ್ಸ್‌ಪಿ ಟೋಕ್ ಪಿಸಿನ್ ಅನುವಾದ, ಎಕ್ಸ್‌ಇ ಇಂಗ್ಲಿಷ್ ಅನುವಾದ. ಡಿಟಿ ಎಂದರೆ ನಮೂದನ್ನು ಕೊನೆಗೆ ಮುಟ್ಟಿದ ದಿನಾಂಕ. ಒಂದು ನಮೂದಿಗೆ ಸರಾಸರಿ 13.6 ಕ್ಷೇತ್ರಗಳಿವೆ. ಇಷ್ಟು ಸಣ್ಣ ಭಾಷೆಯ ನಿಘಂಟಿಗೆ ಇದು ನಿಜಕ್ಕೂ ಸಮೃದ್ಧಿ. ಕೊರಗ, ಸೋಲಿಗ ಮುಂತಾದ ನುಡಿಗಳ ಪದ ಕೂಡಿಸುವವರು ಈ ಕ್ಷೇತ್ರಗಳ ಜೋಡಣೆಯನ್ನು ಒಮ್ಮೆ ನೋಡಿಟ್ಟುಕೊಳ್ಳುವುದು ಒಳ್ಳೆಯದು.

ಈಗ ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ. ಇದು ಪೂರ್ತಿ ನಿಘಂಟಲ್ಲ. ಮೊದಲ ಪದ 'ಕಾ', ಕೊನೆಯ ಪದ 'ಕುವುಟೊ'. ಅಂದರೆ ಕಕಾರದಿಂದ ಶುರುವಾಗುವ ಪದಗಳಷ್ಟೇ ಇಲ್ಲಿವೆ. ಪದಗಳ ಪಟ್ಟಿಯನ್ನು ಒಮ್ಮೆ ಕಣ್ಣಾಡಿಸಿದರೆ ತಿಳಿಯುವ ಸಂಗತಿ ಇದು, ಆದರೆ ಲೆಕ್ಕಕ್ಕೆ ಇಳಿದವರು ಮರೆತೇಬಿಡುತ್ತಾರೆ.

ಮರೆತರೆ ಏನಾಗುತ್ತದೆ ಎಂಬುದಕ್ಕೆ ಎನ್‌ಎಲ್‌ಟಿಕೆಯ ಜೊತೆಗಿನ 2009ರ ಪಠ್ಯಪುಸ್ತಕದಲ್ಲಿ ಬರುವ ಪ್ರಸಿದ್ಧ ಅಭ್ಯಾಸವನ್ನೇ ನೋಡಬಹುದು. ಅಲ್ಲಿ ತಲೆಪದಗಳೊಳಗಿನ ವ್ಯಂಜನ-ಸ್ವರ ಜೋಡಿಗಳನ್ನು ಹೆಕ್ಕಿ ಎಣಿಸುತ್ತಾರೆ. 'ಕ' ಸಾಲಿನಲ್ಲಿ ಅ, ಎ, ಇ, ಒ, ಉ ಸ್ವರಗಳಿಗೆ ಕ್ರಮವಾಗಿ 418, 148, 94, 420, 173 ಬರುತ್ತವೆ. 'ಪ' ಸಾಲಿನಲ್ಲಿ ಅದೇ ಕ್ರಮದಲ್ಲಿ 83, 31, 105, 34, 51. ಇದನ್ನು ನೋಡಿ 'ರೊಟೊಕಾಸ್‌ನಲ್ಲಿ ಕಕಾರವೇ ಅತಿ ಹೆಚ್ಚು' ಎಂದು ಬರೆದರೆ ಅದು ತಪ್ಪು. ಪ್ರತಿ ಪದದ ಮೊದಲಕ್ಷರ ಕಕಾರವೇ ಆಗಿರುವಾಗ ಆ ಸಾಲು ಉಬ್ಬದೆ ಇರುತ್ತದೆಯೇ? ಇನ್ನೂ ಒಂದು ಕಾರಣವಿದೆ. 'ಕಾ' ಎಂಬ ತಲೆಪದ ಬೇರೆ ಬೇರೆ ಅರ್ಥಗಳಲ್ಲಿ ಮೂರು ಬಾರಿ ಬಂದಿದೆ. ಪದಗಳ ಪಟ್ಟಿ ಮೂರನ್ನೂ ಕೊಡುತ್ತದೆ, ಲೆಕ್ಕವೂ ಮೂರು ಬಾರಿ ಆಗುತ್ತದೆ.

ಹಾಗಾದರೆ ಆ ಕೋಷ್ಟಕದಿಂದ ಏನೂ ಸಿಗುವುದಿಲ್ಲವೇ ಎಂದರೆ, ಅತ್ಯಂತ ಸುಂದರವಾದ ಒಂದು ಸಂಗತಿ ಸಿಗುತ್ತದೆ. 'ಟ' ಸಾಲನ್ನೂ 'ಸ' ಸಾಲನ್ನೂ ಒಂದರ ಕೆಳಗೊಂದು ಇಟ್ಟು ನೋಡಿ. ಅದೇ ಸ್ವರಕ್ರಮದಲ್ಲಿ ಟಕಾರಕ್ಕೆ 47, 8, 0, 148, 37. ಸಕಾರಕ್ಕೆ 0, 0, 100, 2, 1. ಇಕಾರದ ಮುಂದೆ ಟಕಾರ ಒಮ್ಮೆಯೂ ಇಲ್ಲ. ಸಕಾರವಾದರೋ ಹೆಚ್ಚುಕಡಿಮೆ ಅಲ್ಲಿ ಮಾತ್ರ ಇದೆ. ಇಬ್ಬರೂ ಒಂದೇ ಜಾಗದಲ್ಲಿ ಎದುರಾಗುವುದಿಲ್ಲ ಎಂದರೆ ಅವೆರಡೂ ಬೇರೆ ಬೇರೆ ಧ್ವನಿಮಾಗಳಲ್ಲ (ಧ್ವನಿಮಾ ಎಂದರೆ ಬದಲಿಸಿದರೆ ಪದದ ಅರ್ಥ ಬದಲಾಗುವ ಧ್ವನಿ), ಒಂದೇ ಧ್ವನಿಮಾದ ಎರಡು ಉಚ್ಚಾರಗಳು. ಟಕಾರವು ಇಕಾರದ ಮುಂದೆ ಸಕಾರವಾಗುತ್ತದೆ, ಅಷ್ಟೇ. 'ಸು' ಇರುವ ಒಂದೇ ಪದವನ್ನು ಹುಡುಕಿ ತೆಗೆದರೆ ಅದು 'ಕಸುಅರಿ', ಕ್ಯಾಸೊವರಿ ಹಕ್ಕಿಯ ಹೆಸರು, ಹೊರಗಿನಿಂದ ಬಂದ ಪದ. ಈ ತೀರ್ಮಾನಕ್ಕೆ ಕಕಾರದ ಉಬ್ಬರ ಅಡ್ಡಿಯಾಗುವುದಿಲ್ಲ, ಏಕೆಂದರೆ ನಾವು ನೋಡುತ್ತಿರುವುದು ಎಷ್ಟು ಸಲ ಎಂಬುದನ್ನಲ್ಲ, ಯಾವುದರ ಮುಂದೆ ಎಂಬುದನ್ನು. ಪರಿಪೂರಕ ಹಂಚಿಕೆ ಎಂಬ ಪಾರಿಭಾಷಿಕ ಪದವನ್ನು ತರಗತಿಯಲ್ಲಿ ವಿವರಿಸುವ ಅಧ್ಯಾಪಕರಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಆದರೆ ಇದೇ ಕೋಷ್ಟಕ ನೋಡಿ ರೊಟೊಕಾಸ್‌ನ ವ್ಯಂಜನಗಳು ಇಷ್ಟೇ ಎಂದು ಎಣಿಸಿದರೆ ಉತ್ತರ ಎರಡು ಕಡೆ ತಪ್ಪುತ್ತದೆ. ಅಲ್ಲಿ ಹುಡುಕಾಟದ ವಿನ್ಯಾಸಕ್ಕೆ, ಅಂದರೆ ಯಾವ ಜೋಡಿಗಳನ್ನು ಹೆಕ್ಕಬೇಕೆಂದು ಹೇಳುವ ಸೂತ್ರಕ್ಕೆ, ಕೊಟ್ಟ ಅಕ್ಷರಗಳು ಪ, ಟ, ಕ, ಸ, ವ, ರ. ಎಣಿಸಿದರೆ ಆರು. ಈ ಕಡತದ ಉಪಭಾಷೆಯಾದ ನಡುನಾಡಿನ ರೊಟೊಕಾಸ್‌ನಲ್ಲಿ ವ್ಯಂಜನ ಧ್ವನಿಮಾಗಳೂ ಆರೇ, ಆದ್ದರಿಂದ ಹೊಂದಿತು ಎನಿಸಿಬಿಡುತ್ತದೆ. ಆದರೆ ನಿಜವಾದ ಆರು ಎಂದರೆ ಪ, ಟ, ಕ, ವ, ರ, ಗ. ವಿನ್ಯಾಸದಲ್ಲಿ ಗಕಾರ ಬಿಟ್ಟುಹೋಗಿದೆ, ಧ್ವನಿಮಾ ಅಲ್ಲದ ಸಕಾರ ಒಳಗೆ ಸೇರಿದೆ. ಪಠ್ಯಪುಸ್ತಕ ಹೇಳುವ 12 ಧ್ವನಿಮಾಗಳ ಲೆಕ್ಕವೂ ವರ್ಣಮಾಲೆಯ 12 ಅಕ್ಷರಗಳಿಗೆ ಹೊಂದುತ್ತದೆ. ಸಕಾರವನ್ನು ಟಕಾರದೊಳಗೆ ಸೇರಿಸಿದರೆ ಆರು ವ್ಯಂಜನ, ಐದು ಸ್ವರ, ಒಟ್ಟು 11.

ವಿನ್ಯಾಸವನ್ನು ಸರಿಪಡಿಸಿಕೊಂಡೇ ಮುಂದೆ ಹೋಗಬೇಕು. ಗಕಾರ ಸೇರಿಸಿ. ಕಡತ ರೋಮನ್ ಲಿಪಿಯಲ್ಲಿದೆ, ಎಲ್ಲ ಪದಗಳನ್ನೂ ಮೊದಲು ಸಣ್ಣಕ್ಷರಕ್ಕೆ ತಿರುಗಿಸಿ. ಇಲ್ಲದಿದ್ದರೆ 'ಕಕರಪಇಅ' ಎಂಬ ಊರಿನ ಹೆಸರು ದೊಡ್ಡಕ್ಷರದಿಂದ ಶುರುವಾಗುವ ಕಾರಣ ಅದರ ಮೊದಲ ಅಕ್ಷರಜೋಡಿ ಲೆಕ್ಕದಿಂದ ಜಾರುತ್ತದೆ. ಒಂದೇ ರೂಪ ಮತ್ತೆ ಮತ್ತೆ ಬಂದರೆ ಒಂದು ಸಲ ಮಾತ್ರ ಇಟ್ಟುಕೊಳ್ಳಿ. ಪದದ ಮೊದಲ ಜೋಡಿಯನ್ನು ಬಿಟ್ಟು ಉಳಿದವನ್ನಷ್ಟೇ ಎಣಿಸಿದರೆ ಕಕಾರದ ಉಬ್ಬರ ಬಹುಮಟ್ಟಿಗೆ ಇಳಿಯುತ್ತದೆ. ಕೊನೆಯದಾಗಿ, ಹಳೆಯ ವಿನ್ಯಾಸ ಒಂದು ವ್ಯಂಜನದ ಜೊತೆ ಒಂದೇ ಸ್ವರವನ್ನು ಹಿಡಿಯುತ್ತದೆ. ಹಾಗಾಗಿ 'ಕ' ಮತ್ತು 'ಕಾ' ಎರಡೂ ಒಂದೇ ಡಬ್ಬಿಗೆ ಬೀಳುತ್ತವೆ. ರೊಟೊಕಾಸ್ ಬರಹದಲ್ಲಿ ದೀರ್ಘ ಎಂದರೆ ಸ್ವರಾಕ್ಷರ ಎರಡು ಸಲ. ಅದೇ ಸ್ವರ ಮತ್ತೆ ಬಂದರೆ ಅದನ್ನೂ ಸೇರಿಸಿ ಹಿಡಿಯುವಂತೆ ವಿನ್ಯಾಸ ಬರೆಯಬೇಕು.

ಹ್ರಸ್ವ ದೀರ್ಘದ ವಿಷಯದಲ್ಲಿ ಕನ್ನಡಿಗರಿಗೆ ಅನುಕೂಲವಿದೆ. ಐದು ಸ್ವರ, ಐದಕ್ಕೂ ಹ್ರಸ್ವ ಮತ್ತು ದೀರ್ಘ. ಎ-ಏ, ಒ-ಓ ಎರಡನ್ನೂ ಬೇರೆ ಮಾಡಿ ಬರೆಯುವ ಲಿಪಿ ನಮ್ಮ ಕೈಯಲ್ಲಿ ಇದ್ದೇ ಇದೆ. ತೊಡಕು ಬರುವುದು ಬೇರೆ ಬೇರೆ ಸ್ವರಗಳು ಅಕ್ಕಪಕ್ಕ ನಿಂತಾಗ. ನಮ್ಮ ನಾಲಗೆ ತಾನಾಗಿಯೇ ನಡುವೆ ಯಕಾರವನ್ನೋ ವಕಾರವನ್ನೋ ತರುತ್ತದೆ, ಆಗಮ ಸಂಧಿಯ ಅಭ್ಯಾಸ ಅಂಥದ್ದು. 'ಕಎವಿರೊ' ಎಂಬುದನ್ನು 'ಕಯೆವಿರೊ' ಎಂದು ಓದಿಬಿಡುತ್ತೇವೆ. ಯಕಾರವಾದರೆ ನಷ್ಟ ಕಡಿಮೆ. ಆದರೆ ವಕಾರ ಆ ಭಾಷೆಯಲ್ಲಿ ಸ್ವತಂತ್ರ ಧ್ವನಿಮಾ, ಅದನ್ನು ತಂದು ಹಾಕಿದರೆ ಪದವೇ ಬೇರೆಯಾಗುತ್ತದೆ. ಇಲ್ಲಿ ರೊಟೊಕಾಸ್ ಪದಗಳನ್ನು ಬರೆಯುವಾಗ ಎರಡನೆಯ ಸ್ವರವನ್ನು ಪೂರ್ಣ ಸ್ವರಾಕ್ಷರವಾಗಿಯೇ ಇಟ್ಟಿರುವುದು ಅದಕ್ಕೆ.

ವ, ರ, ಗ ಮೂರೂ ಹೇಗೆ ಕೇಳುತ್ತವೆ ಎಂಬುದು ಕಡತದಲ್ಲಿ ಎಲ್ಲೂ ಇಲ್ಲ, ಉಚ್ಚಾರಣೆಗೆ ಕ್ಷೇತ್ರವೇ ಇಲ್ಲ. ಇದು ದೊಡ್ಡ ಕೊರತೆ. ವಕಾರವನ್ನು ಎರಡೂ ತುಟಿ ಹತ್ತಿರ ತಂದು, ಪೂರ್ತಿ ಮುಚ್ಚದೆ ಹೇಳುತ್ತಾರೆ. ಅದೇ ಕೆಲವೊಮ್ಮೆ ಬಕಾರದಂತೆ, ಮಕಾರದಂತೆಯೂ ಕೇಳಬಹುದು. ರಕಾರ ಡಕಾರ, ಲಕಾರ, ನಕಾರಗಳ ಕಡೆಗೆ ಸರಿಯಬಹುದು. ಗಕಾರಕ್ಕೂ ಹೀಗೆಯೇ ಒಳಭೇದಗಳಿವೆ, ಙಕಾರದವರೆಗೆ. ಯಾವುದರಿಂದಲೂ ಅರ್ಥ ಬದಲಾಗುವುದಿಲ್ಲ. ನಡುನಾಡಿನ ರೊಟೊಕಾಸ್‌ನಲ್ಲಿ ಅನುನಾಸಿಕಗಳಿಗೆ ಸ್ವತಂತ್ರ ಸ್ಥಾನವಿಲ್ಲ ಎಂದು ಭಾಷಾಶಾಸ್ತ್ರಜ್ಞರು ಹೇಳುವುದರ ಅರ್ಥ ಇದು. ಈ ಸಂಗತಿ 1969ರಲ್ಲಿ ಈ ಭಾಷೆಯನ್ನು ಅಧ್ಯಯನ ಮಾಡಿದ ಫಿರ್ಚೋ ದಂಪತಿಯ ಲೇಖನದಿಂದ ಜಗತ್ತಿಗೆ ತಿಳಿಯಿತು. ಆದರೆ ಇಡೀ ಭಾಷೆಗೆ ಇದನ್ನು ಅನ್ವಯಿಸುವಂತಿಲ್ಲ. ಐಟಾ ಎಂಬ ಉಪಭಾಷೆಯಲ್ಲಿ ಮ, ನ, ಙ ಮೂರೂ ಬೇರೆ ಧ್ವನಿಮಾಗಳಾಗಿದ್ದು ವ್ಯಂಜನಗಳು ಒಂಬತ್ತು ಎಂದು ರಾಬಿನ್ಸನ್ 2006ರಲ್ಲಿ ತೋರಿಸಿದರು. ಈ ಕಡತದ ಬರಹ ನಡುನಾಡಿನದು. ಮಕಾರ, ನಕಾರಗಳಿಗೆ ವರ್ಣಮಾಲೆಯಲ್ಲಿ ಅಕ್ಷರವೇ ಇಲ್ಲ.

ವ್ಯಾಕರಣಕ್ಕೆ ಬರೋಣ. ಪ್ರತ್ಯಯಗಳನ್ನು ಹಿಡಿಯಲು ಅಕ್ಕಪಕ್ಕದ ತಲೆಪದಗಳೇ ಸಾಕು. 'ಕಕಎ' ಎಂದರೆ ಸಣ್ಣದು, ಮಗು ಎಂಬ ಅರ್ಥದಲ್ಲೂ ಬೇರೊಂದು ನಮೂದಿದೆ. ಅದರ ಕೆಳಗೇ 'ಕಕಎವಿರ', ಕ್ರಿಯಾವಿಶೇಷಣ. ಇನ್ನೊಂದು ಕಡೆ 'ಕಇಪೊರಿ', 'ಕಇಪೊರಿವಿರ', 'ಕಇಪೊರಿಪಿಎ' ಸಾಲಾಗಿ ನಿಂತಿವೆ. 'ವಿರ' ಸೇರಿದರೆ ಕ್ರಿಯಾವಿಶೇಷಣ. 'ಪಿಎ' ಸೇರಿದರೆ ಪ್ರೇರಣೆ, ನಮ್ಮ 'ಮಾಡಿಸು' ಎಂಬುದರಲ್ಲಿನ 'ಇಸು' ಮಾಡುವ ಕೆಲಸ. 'ಕಕಪಿಕೊಟೊ' ಎಂದರೆ ಆಗತಾನೆ ಹುಟ್ಟಿದ ಕೂಸು. ಕೊನೆಯ 'ಟೊ' ಪುಲ್ಲಿಂಗ ಏಕವಚನದ ಗುರುತು.

ಹೆಚ್ಚು ಫಲ ಸಿಗುವುದು ವಾಕ್ಯಗಳನ್ನು ಎದುರುಬದುರು ಇಟ್ಟಾಗ. 'ಕಎವಿರೊ' ನಮೂದಿನ ಉದಾಹರಣೆ: 'ಪಿಟ ಕಎವಿರೊರೊಎ ಕೆಪ ಕೆಕೆಸಿಅ ಒಅ ವುರಿಪಿಎರೆವೊ ಕಿಉವು.' ಗಾಳಿ ಕೆಡಿಸಿದ ಮನೆಯನ್ನು ನೋಡಲು ಪೀಟರ್ ಹತ್ತಿಹೋದ ಎಂಬುದು ತಾತ್ಪರ್ಯ. ಬೇಯಿಸುವ ಬಾಳೆಯ ಅರ್ಥದ 'ಕಾ' ನಮೂದಿನ ಉದಾಹರಣೆ: 'ಟಎಅವಿ ಇರಿಅ ಕಾ ಇಸಿ ಕೊವೊಪಉಎವ ಕಪರಪಸಿಅ.' ಟಎಅವಿ ಬೇಯಿಸುವುದಕ್ಕೆಂದು ಬಾಳೆ ನೆಟ್ಟಳು. ಒಂದರಲ್ಲಿ 'ಕೆಕೆಸಿಅ', ಇನ್ನೊಂದರಲ್ಲಿ 'ಕಪರಪಸಿಅ'. ಒಂದು 'ನೋಡಲು', ಇನ್ನೊಂದು 'ಬೇಯಿಸಲು'. ಕೊನೆಯ 'ಸಿಅ' ಉದ್ದೇಶ ಹೇಳುವ ಪ್ರತ್ಯಯ ಎಂಬುದು ಎರಡೇ ವಾಕ್ಯದಲ್ಲಿ ಹೊರಬೀಳುತ್ತದೆ, ಯಾವ ವ್ಯಾಕರಣ ಪುಸ್ತಕವೂ ಬೇಕಾಗಲಿಲ್ಲ. ಹಾಗೆಯೇ ಗಂಡಸಿನ ಹೆಸರಿನ ಬಳಿಕ 'ಇರ' (ಇದು ಗಂಟಲು ಕಟ್ಟುವ ಅರ್ಥದ 'ಕಾ' ನಮೂದಿನ ವಾಕ್ಯದಲ್ಲಿದೆ), ಹೆಂಗಸಿನ ಹೆಸರಿನ ಬಳಿಕ 'ಇರಿಅ', ಮನೆಯನ್ನು ಕುರಿತಾಗ 'ಒಅ' ಬರುವುದನ್ನು ಗಮನಿಸಿ. ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕ ಮೂರೂ ಸಿಕ್ಕವು.

ಕ್ರಿಯಾಪದ ಮಾತ್ರ ತಾಳ್ಮೆ ಕೇಳುತ್ತದೆ. ಮೇಲಿನ ಮೊದಲ ವಾಕ್ಯದಲ್ಲಿ 'ಕಎವಿರೊ-ರೊ-ಎ', 'ವುರಿ-ಪಿಎ-ರೆ-ವೊ' ಎಂದು ಬಿಡಿಸಿದರೆ, ಎರಡರಲ್ಲೂ ಕರ್ತೃ ಪ್ರಥಮ ಪುರುಷ ಏಕವಚನ ಪುಲ್ಲಿಂಗ. ಆದರೆ ಒಂದರಲ್ಲಿ 'ರೊ', ಇನ್ನೊಂದರಲ್ಲಿ 'ರೆ'. ಕಾಲಸೂಚಕವೂ ಬೇರೆ. ಕನ್ನಡದಲ್ಲಿ 'ಹೋದನು', 'ಕೆಡಿಸಿದನು' ಎರಡಕ್ಕೂ 'ಅನು' ಒಂದೇ; ಇಲ್ಲಿ ಕ್ರಿಯೆಯ ವರ್ಗ ನೋಡಿ ಪ್ರತ್ಯಯ ಆರಿಸಬೇಕು. ಆ ವರ್ಗವನ್ನು ಕಡತ ಪಿಟಿ ಕ್ಷೇತ್ರದಲ್ಲಿ ಎ, ಬಿ ಎಂದು ಗುರುತಿಸಿದೆ. 'ಕಾ' ಎ ವರ್ಗದಲ್ಲಿದ್ದರೆ ಗಂಟಲು ಕಟ್ಟು, ಬಿ ವರ್ಗದಲ್ಲಿದ್ದರೆ ಕತ್ತು ಹಿಸುಕು. ಇದನ್ನು ನೋಡಿ 'ಎ ಎಂದರೆ ಅಕರ್ಮಕ, ಬಿ ಎಂದರೆ ಸಕರ್ಮಕ' ಎಂದು ಬರೆದಿಟ್ಟುಕೊಳ್ಳಬೇಡಿ. ಅಕರ್ಮಕ ಕ್ರಿಯೆಗಳೇ ಎರಡು ವರ್ಗಗಳಲ್ಲಿ ಹಂಚಿಹೋಗಿವೆ. 2011ರ ರಾಬಿನ್ಸನ್ ಅವರ ಪಿಎಚ್‌ಡಿ ಪ್ರಬಂಧದ ವಿಷಯವೇ ಅದು. ಪ್ರತಿ ಕ್ರಿಯಾಪದದ ವರ್ಗವನ್ನು ಕಡತದಿಂದಲೇ ಓದಿಕೊಳ್ಳಬೇಕು, ಅರ್ಥದಿಂದ ಊಹಿಸಬಾರದು.

ಪದಕ್ರಮದಲ್ಲೂ ಕನ್ನಡದ ಕಿವಿ ಮೋಸಹೋಗುತ್ತದೆ. ಕರ್ಮ ಕ್ರಿಯಾಪದಕ್ಕಿಂತ ಮೊದಲು, ವಿಭಕ್ತಿಯಂಥ ಪದಗಳು ನಾಮಪದದ ಬಳಿಕ, ಇಷ್ಟು ನಮ್ಮಂತೆಯೇ. ಆದರೆ 'ವುರಿಪಿಎರೆವೊ ಕಿಉವು' ಎಂಬಲ್ಲಿ ಕರ್ತೃವಾದ ಗಾಳಿ ಕ್ರಿಯಾಪದದ ಆಚೆ ಕೂತಿದೆ. ವಾಕ್ಯದ ಕೊನೆಯ ಪದವೇ ಕ್ರಿಯಾಪದ ಎಂದು ನಂಬಿ ಪ್ರೋಗ್ರಾಂ ಬರೆದರೆ ಇಂಥ ವಾಕ್ಯಗಳು ತಪ್ಪಾಗಿ ಒಡೆಯುತ್ತವೆ.

ಅನುವಾದದ ಸಾಲುಗಳಲ್ಲಿ ಟೋಕ್ ಪಿಸಿನ್‌ನದನ್ನು ಮೊದಲು ಓದಿ ಎಂಬುದು ನಮ್ಮ ಗಟ್ಟಿ ಸಲಹೆ. ಮೇಲಿನ ಪೀಟರ್ ವಾಕ್ಯದಲ್ಲಿ ಇಂಗ್ಲಿಷ್ ಬರೀ ಹೋದ ಎನ್ನುತ್ತದೆ. ಟೋಕ್ ಪಿಸಿನ್ 'ಗೊ ಆಂಟಾಪ್', ಮೇಲಕ್ಕೆ ಹೋದ ಎಂದು ಸ್ಪಷ್ಟವಾಗಿ ಹೇಳುತ್ತದೆ, ಮೂಲಪದದ ತಿರುಳೇ ಅದು. ಬಾಳೆಯ ವಾಕ್ಯದಲ್ಲಿ ಇಂಗ್ಲಿಷ್ ಬೇಯಿಸಲು ಎಂದಷ್ಟೇ ಹೇಳಿದರೆ, ಟೋಕ್ ಪಿಸಿನ್ ಬಾಳೆಯ ತೋಟ, ಬೆಂಕಿಯಲ್ಲಿ ಬೇಯಿಸುವುದಕ್ಕಷ್ಟೇ ಎಂಬ ವಿವರಗಳನ್ನೂ ಇಟ್ಟುಕೊಂಡಿದೆ. ಅದನ್ನು ಓದಲು ನೂರಿನ್ನೂರು ಪದ ಗೊತ್ತಿದ್ದರೆ ಸಾಕು.

ಕಡತದ ಒಳಗಿನ ಕೊರತೆಗಳೂ ಇವೆ. ಕೆಲವು ನಮೂದುಗಳಲ್ಲಿ ಪದವರ್ಗದ ಜಾಗದಲ್ಲಿ ಮೂರು ಪ್ರಶ್ನೆಚಿಹ್ನೆ ಮಾತ್ರ; 'ಕಕಎ', 'ಕಕಪಿಕೊಅ' ಹಾಗಿವೆ. ಕೆಲಸ ನಡೆಯುತ್ತಿದ್ದಾಗಿನ ರೂಪ ಇದು, ದಿನಾಂಕಗಳು 2005ರ ಸುತ್ತಮುತ್ತ. ಕ್ಷೇತ್ರಗಳ ಕ್ರಮವೂ ಒಂದೇ ತೆರನಾಗಿಲ್ಲ. ಅತಿ ಹೆಚ್ಚು ಸಲ ಕಾಣುವ ಕ್ರಮವೇ 41 ನಮೂದುಗಳಲ್ಲಿ ಮಾತ್ರ ಇದೆ. ಬಾಳೆಯ 'ಕಾ' ನಮೂದಿನಲ್ಲಿ ಪಿಟಿ ಎರಡು ಸಲ ಬಂದಿದೆ: ಮೊದಲನೆಯದರಲ್ಲಿ ಪುಲ್ಲಿಂಗ ಎಂಬ ಗುರುತು, ಎರಡನೆಯದರಲ್ಲಿ 'ಇಟೋ' ಎಂಬ ರೊಟೊಕಾಸ್ ಪದ. ಒಂದು ಹೆಸರಿಗೆ ಒಂದೇ ವಿಷಯ ಇಟ್ಟುಕೊಳ್ಳುವ ಪೈಥಾನ್‌ನ ಡಿಕ್ಷನರಿಗೆ ನಮೂದನ್ನು ಹಾಕಿದ ಕ್ಷಣ ಎರಡನೆಯದು ಮೊದಲನೆಯದನ್ನು ಅಳಿಸಿಹಾಕುತ್ತದೆ, ಎರಡು ಮೂರು ಉದಾಹರಣೆಗಳಿರುವ ನಮೂದುಗಳಲ್ಲಿ ಕೊನೆಯದೊಂದೇ ಉಳಿಯುತ್ತದೆ. ಯಾವ ದೋಷಸಂದೇಶವೂ ಬರುವುದಿಲ್ಲ. ಆದ್ದರಿಂದ ಪ್ರತಿ ಕ್ಷೇತ್ರಕ್ಕೂ ಒಂದು ಪಟ್ಟಿಯನ್ನೇ ಇಟ್ಟುಕೊಂಡು ಬಂದದ್ದನ್ನೆಲ್ಲ ಅದಕ್ಕೆ ಸೇರಿಸುತ್ತಾ ಹೋಗಬೇಕು. ಉದಾಹರಣೆ ಮತ್ತು ಅದರ ಎರಡು ಅನುವಾದಗಳನ್ನು ಒಟ್ಟಿಗೆ ಕಟ್ಟಬೇಕು. ಇಎಕ್ಸ್ ಬಂದಾಗ ಹೊಸ ಕಟ್ಟು ಶುರು ಮಾಡಿ, ಆಮೇಲೆ ಬರುವ ಎಕ್ಸ್‌ಪಿ, ಎಕ್ಸ್‌ಇ ಎರಡನ್ನೂ ಅದೇ ಕಟ್ಟಿಗೆ ಹಾಕಿ.

ಧ್ವನಿಮುದ್ರಣವಿಲ್ಲ, ಒತ್ತಿನ ಗುರುತಿಲ್ಲ, ಕಕಾರದ ಆಚೆಗಿನ ಪದಗಳಿಲ್ಲ. ಮಾತಾಡಲು ಕಲಿಯಬೇಕೆನ್ನುವವರಿಗೆ ಇದು ಆಗದು. ಧ್ವನಿವಿಜ್ಞಾನ, ರೂಪವಿಜ್ಞಾನ ಓದುವವರಿಗೆ, ಪಾಠ ಮಾಡುವವರಿಗೆ ಕಣ್ಣುಮುಚ್ಚಿ ಶಿಫಾರಸು ಮಾಡಬಹುದು. ಶುರು ಮಾಡುವವರು ಲೆಕ್ಕದ ಕೋಷ್ಟಕದಿಂದ ಶುರು ಮಾಡದೆ, 'ಸಿಅ' ಎಂದು ಮುಗಿಯುವ ಪದಗಳಿರುವ ಉದಾಹರಣೆಗಳನ್ನೆಲ್ಲ ಮೊದಲು ಹೊರತೆಗೆಯಲಿ, ಆಮೇಲೆ 'ಒರೊ' ಎಂದು ಮುಗಿಯುವವನ್ನು. ಗಂಟಲು ಕಟ್ಟುವ ಅರ್ಥದ 'ಕಾ' ನಮೂದಿನಲ್ಲಿ ಅಪೊಕ ಎಂಬವನ ಕುರಿತ ಉದಾಹರಣೆ ವಾಕ್ಯವಿದೆ, ಅದರ ಕೊನೆಯಲ್ಲಿ 'ರೆಒರೆಒಪಒರೊ' ಇದೆ, ಮಾತಾಡುತ್ತಾ ಎಂದರ್ಥ. ನಮ್ಮ 'ಉತ್ತಾ' ಬರುವ ಜಾಗಗಳಲ್ಲೆಲ್ಲ ಇದು ಬರುತ್ತದೆಯೇ ಎಂದು ಟೋಕ್ ಪಿಸಿನ್ ಸಾಲಿನೊಂದಿಗೆ ಹೋಲಿಸಿ ನೋಡುವುದು ಒಳ್ಳೆಯ ಎರಡನೆಯ ಅಭ್ಯಾಸ.